ಗೊಬ್ಬರದ ಕಾಲವೂ ಹುಲ್ಲಿನ ಬೇರೂ

ಹುಲ್ಲುಹಾಸನ್ನು ನೋಡುವವರು ಅದರ ಹಸುರನ್ನು ಮೆಚ್ಚುವರೇ ಹೊರತು ಬೇರನ್ನು ವಿಚಾರಿಸುವುದಿಲ್ಲ. ಆದರೆ ಹುಲ್ಲು ಬಾಳುವುದು ಬೇರಿನ ಬಲದಿಂದಲೇ. ಇಂಗ್ಲೆಂಡು, ಅಮೆರಿಕದ ಉತ್ತರಭಾಗ ಮುಂತಾದ ಶೀತಪ್ರದೇಶಗಳಲ್ಲಿ ನೆಲೆಸಿ, ಮನೆಯ ಮುಂದೆ ಹುಲ್ಲು ಬೆಳೆಸುತ್ತಿರುವ ಹಳೆಯ ವಿದ್ಯಾರ್ಥಿನಿಯರಿಗೆ ಉಪಯುಕ್ತವಾಗಬಹುದೆಂದು ಈ ವಿಷಯವನ್ನು ಇಲ್ಲಿ ಸಂಗ್ರಹವಾಗಿ ಬರೆದಿದೆ.

ಆ ದೇಶಗಳಲ್ಲಿ ಬೆಳೆಸುವ ಬ್ಲೂಗ್ರಾಸ್, ಫೆಸ್ಕ್ಯೂ, ರೈಗ್ರಾಸ್ ಎಂಬ ಹುಲ್ಲುಗಳು ತಂಪನ್ನು ಬಯಸುವ ಜಾತಿಯವು. ಇವುಗಳ ಎಲೆಗಳು ಸುಮಾರು 60ರಿಂದ 75 ಡಿಗ್ರಿ ಫ್ಯಾರನ್‌ಹೀಟ್ ಉಷ್ಣದಲ್ಲಿ ಚೆನ್ನಾಗಿ ಬೆಳೆಯುವುವು. ಬೇರುಗಳಿಗಾದರೋ ಮಣ್ಣಿನ ಉಷ್ಣವು 50ರಿಂದ 65 ಡಿಗ್ರಿಗಳಿದ್ದರೆ ಹಿತ. ಆದುದರಿಂದ ವಸಂತದಲ್ಲಿಯೂ ಶರತ್ಕಾಲದಲ್ಲಿಯೂ ಬೇರು ಹಬ್ಬುತ್ತದೆ. ಬೇಸಿಗೆಯ ಬಿಸಿಯಲ್ಲಿ ಕುಗ್ಗುತ್ತದೆ.

ಎಲೆಯು ಸೂರ್ಯನ ಬೆಳಕಿನಲ್ಲಿ ಮಾಡುವ ಸಕ್ಕರೆಯೇ ಬೇರಿಗೂ ಆಹಾರ. ವಸಂತದ ಮೊದಲಲ್ಲಿಯೇ ಸಾರಜನಕದ ಗೊಬ್ಬರವನ್ನು ಧಾರಾಳವಾಗಿ ಹಾಕಿದರೆ ಎಲೆಯು ಸರಸರನೆ ಮೇಲೇಳುವುದು. ಆದರೆ ಕೂಡಿಟ್ಟ ಸಕ್ಕರೆಯು ಎಲೆಗೇ ವೆಚ್ಚವಾಗಿ ಬೇರು ಬಡವಾಗುವುದು. ಹುಲ್ಲು ಕತ್ತರಿಸುವ ಕೆಲಸವೂ ಹೆಚ್ಚುವುದು. ಬೇಸಿಗೆ ಬಂದೊಡನೆ ಮೋಟುಬೇರಿನ ಹುಲ್ಲಿಗೆ ಆಳದ ನೀರು ಎಟುಕದೆ ಅದು ಒಣಗತೊಡಗುವುದು. ಕಾರಣವನ್ನರಿಯದ ಯಜಮಾನಿಯು ಆಗ ಇನ್ನಷ್ಟು ಗೊಬ್ಬರ ಸುರಿದರೆ ಕೇಡು ಇಮ್ಮಡಿಯಾಗುವುದು.

ಸೆಪ್ಟೆಂಬರ್ ತಿಂಗಳಿನ ಸ್ಥಿತಿ ಬೇರೆ. ರಾತ್ರಿಗಳು ತಂಪಾಗಿ ಎಲೆಯ ಓಟವು ನಿಧಾನವಾಗುತ್ತದೆ. ಬಿಸಿಲು ಮಾತ್ರ ಇನ್ನೂ ಇದೆ. ಉಳಿದ ಸಕ್ಕರೆಯು ಬುಡಕ್ಕೂ ಬೇರಿಗೂ ಇಳಿದು ಸಂಗ್ರಹವಾಗುತ್ತದೆ. ಈಗ ಕೊಟ್ಟ ಗೊಬ್ಬರವು ಎಲೆಯ ಹಸುರನ್ನು ಉಳಿಸಿ, ಹೊಸ ಮೊಳಕೆಗಳಿಗೂ ಬೇರಿಗೂ ನೆರವಾಗುತ್ತದೆ. ಆದುದರಿಂದ ವರ್ಷದ ಗೊಬ್ಬರದಲ್ಲಿ ಹೆಚ್ಚಿನ ಪಾಲನ್ನು ಈ ಕಾಲಕ್ಕೇ ಮೀಸಲಿಡಬೇಕು. ಒಂದು ಸಲಕ್ಕೆ ಸಾವಿರ ಚದರಡಿಗೆ 1 ಪೌಂಡಿಗಿಂತ ಹೆಚ್ಚು ಸಾರಜನಕವನ್ನು ಕೊಡಬಾರದೆಂಬುದು ವಾಡಿಕೆ. ವಸಂತದಲ್ಲಿ ಕೊಡಬೇಕಾದರೆ, ಎಲೆಯ ಮೊದಲ ಓಟವು ಮುಗಿದ ಮೇಲೆ ಸ್ವಲ್ಪವೇ ಸಾಕು.

ಹಾಗೆಂದು ಬಹಳ ತಡಮಾಡುವುದೂ ಸಲ್ಲದು. ಚಳಿಗಾಲವು ಸಮೀಪಿಸಿ ನೆಲವು ತಣ್ಣಗಾದ ಮೇಲೆ ಬೇರು ಹೀರುವುದು ಅಲ್ಪ. ಮಿಕ್ಕ ಗೊಬ್ಬರವು, ವಿಶೇಷವಾಗಿ ಮರಳುನೆಲದಲ್ಲಿ, ಮಳೆಯ ನೀರಿನೊಡನೆ ಕೆಳಗಿಳಿದು ಅಂತರ್ಜಲವನ್ನು ಸೇರುತ್ತದೆ. ನಮ್ಮ ಹಣವೂ ಹೋಗಿ, ನೆರೆಯವರು ಕುಡಿಯುವ ನೀರೂ ಕೆಡಬಹುದು. ಹೆಪ್ಪುಗಟ್ಟಿದ ನೆಲಕ್ಕಂತೂ ಗೊಬ್ಬರವನ್ನು ಹಾಕಲೇ ಕೂಡದು.

ನಮ್ಮ ನಾಡಿನ ಗರಿಕೆಯು ಬಿಸಿಲನ್ನು ಬಯಸುವ ಹುಲ್ಲಾದುದರಿಂದ ಈ ಪಂಚಾಂಗವು ಅದಕ್ಕೆ ಹೊಂದದು. ಬೆಚ್ಚನೆಯ ದಿನಗಳಲ್ಲಿ, ನೆಲದಲ್ಲಿ ತೇವವಿದ್ದು ಅದು ಬೆಳೆಯುತ್ತಿರುವಾಗಲೇ ಅದಕ್ಕೆ ಗೊಬ್ಬರ ಸಲ್ಲಬೇಕು. ತತ್ತ್ವವು ಮಾತ್ರ ಎರಡಕ್ಕೂ ಒಂದೇ: ಗೊಬ್ಬರವನ್ನು ಕೊಡುವ ಮೊದಲು ಅದನ್ನು ಉಣ್ಣಲು ಬೇರು ಸಿದ್ಧವಾಗಿದೆಯೇ ಎಂದು ನೋಡತಕ್ಕದ್ದು.