ಚುಕ್ಕಿಯಲ್ಲಿ ಕಳೆದುಹೋದ ಎಕರೆ

ಮಂಡ್ಯ, ಮದ್ದೂರು, ಮಳವಳ್ಳಿ ಈ ಮೂರು ತಾಲ್ಲೂಕುಗಳಲ್ಲಿಯೂ ತುಂಡುತುಂಡಾಗಿ ಜಮೀನುಳ್ಳ ಒಂದು ಕುಟುಂಬವನ್ನು ಊಹಿಸಿಕೊಳ್ಳಿ. ಮಂಡ್ಯದ ಬಳಿ ನಾಲೆಯ ಬಯಲಿನಲ್ಲಿ 1 ಎಕರೆ 25 ಗುಂಟೆ ಕಬ್ಬಿನ ಗದ್ದೆ. ಮದ್ದೂರಿನ ಕಡೆ 2 ಎಕರೆ 30 ಗುಂಟೆ. ಮಳವಳ್ಳಿಯ ಕಡೆ 35 ಗುಂಟೆ ಹೊಲ. ತಂದೆ ತೀರಿಕೊಂಡ ಮೇಲೆ ಮೂವರು ಮಕ್ಕಳು ಪಾಲಿಗೆ ಕುಳಿತಿದ್ದಾರೆ. ಕಿರಿಯವನು ಕಂಪ್ಯೂಟರನ್ನು ತೆರೆದು, ಚೌಕಾಬಾರದ ಮನೆಗಳಂತೆ ಗೆರೆ ಎಳೆದ ಸ್ಪ್ರೆಡ್‌ಶೀಟಿನಲ್ಲಿ 1.25, 2.30, 0.35 ಎಂದು ಬರೆದು ಕೂಡಿಸುತ್ತಾನೆ. ಕ್ಷಣಮಾತ್ರದಲ್ಲಿ ಉತ್ತರ: 3.9.

ಹಿರಿಯರು ಅದನ್ನು ‘ಮೂರು ಎಕರೆ ಒಂಬತ್ತು ಗುಂಟೆ’ ಎಂದು ಓದಿದರೆ ಅವರನ್ನು ದೂರುವಂತಿಲ್ಲ. ಆದರೆ ಬೆರಳೆಣಿಸಿ ನೋಡಿ. ಎಕರೆಗೆ 40 ಗುಂಟೆ. 25, 30, 35 ಸೇರಿದರೆ 90 ಗುಂಟೆ, ಎಂದರೆ 2 ಎಕರೆ 10 ಗುಂಟೆ. ನಿಜವಾದ ಮೊತ್ತ 5 ಎಕರೆ 10 ಗುಂಟೆ! ಓದಿದ್ದಕ್ಕೂ ಇದ್ದದ್ದಕ್ಕೂ ಎರಡು ಎಕರೆ ಒಂದು ಗುಂಟೆಯ ಅಂತರ. 3.9 ಎಂಬುದನ್ನು ದಶಾಂಶವೆಂದೇ ತಿಳಿದರೂ 1 ಎಕರೆ 14 ಗುಂಟೆ ಮಾಯ.

ಯಂತ್ರ ಸುಳ್ಳಾಡಿಲ್ಲ. ನಮ್ಮ ಕಣ್ಣಿಗೆ ಆ ಚುಕ್ಕಿ ಎಕರೆಗೂ ಗುಂಟೆಗೂ ನಡುವಣ ಬದು. ಯಂತ್ರಕ್ಕೆ ಅದು ದಶಾಂಶ ಚಿಹ್ನೆ. ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ‘ಭೂಮಿ’ ಯೋಜನೆ 1999-2000ರ ಸುಮಾರಿನಲ್ಲಿ ಮೊದಮೊದಲು ಕಾಲೂರಿದ ತಾಲ್ಲೂಕುಗಳಲ್ಲಿ ಮದ್ದೂರೂ ಒಂದು. ಮುಂದೆ ಅದು ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಒಳಗೊಂಡಿತು. ಪಹಣಿ ಕಂಪ್ಯೂಟರಿನಿಂದ ಬಂದರೂ ಮನೆಯ ಕೂಡುವ ಲೆಕ್ಕ ಮನೆಯವರ ಕೈಯಲ್ಲೇ ಉಳಿಯಿತಷ್ಟೆ!

ಪರಿಹಾರ ಸುಲಭ. ಎಕರೆಗೊಂದು ಕಂಬ, ಗುಂಟೆಗೊಂದು ಕಂಬ ಮಾಡಿ, ಎಕರೆಯನ್ನು 40ರಿಂದ ಗುಣಿಸಿ ಗುಂಟೆ ಸೇರಿಸಬೇಕು. 65, 110, 35; ಒಟ್ಟು 210 ಗುಂಟೆ. ಮೂವರಿಗೆ ಹಂಚಿದರೆ ತಲೆಗೆ 70, ಅಂದರೆ 1 ಎಕರೆ 30 ಗುಂಟೆ.

ಇಲ್ಲಿಯೇ ಎರಡನೆಯ ತೊಡಕು. ಶಾಲೆಯ ಅಭ್ಯಾಸದಂತೆ =210÷3 ಎಂದು ಬರೆದರೆ ಯಂತ್ರ ಒಪ್ಪದು. 1659ರಲ್ಲಿ ಯೋಹಾನ್ ರಾನ್ ಅಚ್ಚಿಗೆ ತಂದ ÷, 1631ರಲ್ಲಿ ವಿಲಿಯಂ ಆಟ್ರೆಡ್ ಬಳಸಿದ ×, ಇವೆರಡೂ ಸೂತ್ರದೊಳಗೆ ಪರದೇಶಿಗಳು. ಭಾಗಾಕಾರಕ್ಕೆ ಓರೆಗೆರೆ, ಗುಣಾಕಾರಕ್ಕೆ ನಕ್ಷತ್ರ, ≤ ಬದಲು <= ಎಂದೇ ಬರೆಯಬೇಕು. ವರ್ಗಮೂಲಕ್ಕೂ √ ಹಾಕುವಂತಿಲ್ಲ. ಅದಕ್ಕೆ ‘ಎಸ್‌ಕ್ಯೂಆರ್‌ಟಿ’ ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳು. ಒಂದು ಗುಂಟೆ 1,089 ಚದರಡಿ. ಅದರ ಮೂಲ ಕೇಳಿದರೆ ಬರುವುದು 33. ಮೋಜಣಿಯ 66 ಅಡಿ ಸರಪಣಿಯಲ್ಲಿ ಸರಿಯಾಗಿ ಅರ್ಧ! ನಮ್ಮ ಗುಂಟೆ ಆ ಸರಪಣಿಯ ಲೆಕ್ಕಕ್ಕೆ ಎಷ್ಟು ಅಚ್ಚುಕಟ್ಟಾಗಿ ಕೂಡುತ್ತದೆ ನೋಡಿ.

ಹಾಗಾದರೆ √, ², × ಇವುಗಳನ್ನು ಹಾಳೆಯಲ್ಲಿ ತೋರಿಸಲೇಬಾರದೆ? ಧಾರಾಳವಾಗಿ ತೋರಿಸಬಹುದು, ಶೀರ್ಷಿಕೆಯಲ್ಲಿ, ಟಿಪ್ಪಣಿಯಲ್ಲಿ. ವಿಂಡೋಸಿನಲ್ಲಿ ‘ಆಲ್ಟ್’ ಗುಂಡಿಯನ್ನು ಒತ್ತಿಹಿಡಿದು ಬಲಬದಿಯ ಅಂಕೆಗಳಲ್ಲಿ 251 ಒತ್ತಿದರೆ √, 0178ಕ್ಕೆ ², 0215ಕ್ಕೆ ×. ಇಲ್ಲವಾದರೆ ‘ಇನ್ಸರ್ಟ್’ ಪಟ್ಟಿಯ ‘ಸಿಂಬಲ್’ ಇದೆ. ಎಕ್ಸೆಲ್ 2013ರಿಂದ ಬಂದ ‘ಯೂನಿಚಾರ್’ ಎಂಬ ಪದಕ್ಕೆ 8730 ಕೊಟ್ಟರೂ √ ಮೂಡುತ್ತದೆ. ಸೂತ್ರದ ಉತ್ತರದ ಪಕ್ಕದಲ್ಲಿಯೇ ಚಿಹ್ನೆ ಬೇಕಾದರೆ ಅದನ್ನು ಉದ್ಧರಣ ಚಿಹ್ನೆಗಳೊಳಗಿಟ್ಟು & ಇಂದ ಹೆಣೆಯಬೇಕು.

ಆ ಹೆಣಿಗೆಯೇ ನಮ್ಮ ಪಾಲಿನ ಪತ್ರಕ್ಕೆ ನೆರವಾಗುವುದು. 210ನ್ನು 40ರಿಂದ ಭಾಗಿಸಿ ‘ಇಂಟ್’ ಎಂದರೆ ಪೂರ್ಣ ಎಕರೆ 5; ‘ಮಾಡ್’ ಎಂದರೆ ಉಳಿದ ಗುಂಟೆ 10; ನಡುವೆ &, "ಎಕರೆ", "ಗುಂಟೆ" ಎಂಬ ಪದಗಳು. ಮನೆಯಲ್ಲಿ ಮೂಡುವುದು ‘5 ಎಕರೆ 10 ಗುಂಟೆ’. ಅದು ಓದಲಿಕ್ಕೆ ಮಾತ್ರ, ಮತ್ತೆ ಕೂಡಿಸಲಿಕ್ಕಲ್ಲ. ಕೂಡಿಸುವುದಕ್ಕೆ ಗುಂಟೆಯ ಕಂಬವನ್ನು ಅಳಿಸದೆ ಇಡಬೇಕು. ಪಹಣಿಯಲ್ಲಿ ಆಣೆಯೂ ಇದ್ದರೆ ಮೂರನೆಯ ಕಂಬ ಬೇಕು. ಗುಂಟೆಗೆ ಹದಿನಾರು ಆಣೆ.