ಗೋಡೆಯ ಮೇಲೆ ಮೂಡುವ ಕಾಡಿನ ದನಿ

ಸಂಗೀತ ಕಚೇರಿಯಲ್ಲಿ ಪಿಟೀಲು, ಮೃದಂಗ, ಘಟ, ಮೋರ್ಚಿಂಗುಗಳು ಏಕಕಾಲದಲ್ಲಿ ನುಡಿಯುತ್ತಿದ್ದರೂ ಪ್ರತಿಯೊಂದನ್ನೂ ನಾವು ಬೇರೆಯಾಗಿ ಗುರುತಿಸಬಲ್ಲೆವು. ಒಂದೊಂದು ವಾದ್ಯದ ನಾದವೂ ಆವೃತ್ತಿಗಳ ವಿಶಿಷ್ಟ ಸಮೂಹದಿಂದ ಕೂಡಿರುವುದೇ ಇದಕ್ಕೆ ಮುಖ್ಯ ಕಾರಣ. ಕಾಡಿನಲ್ಲಿಯೂ ಇಂತಹುದೇ ಕಚೇರಿಯೊಂದು ಎಡೆಬಿಡದೆ ನಡೆಯುತ್ತಿರುತ್ತದೆ. ಅದನ್ನು ಕಿವಿಗೆ ಮಾತ್ರವಲ್ಲದೆ ಕಣ್ಣಿಗೂ ಗೋಚರವಾಗುವಂತೆ ಮಾಡಿದ ಕಲಾಕೃತಿಯೊಂದರ ವಿಚಾರವನ್ನು ಇಲ್ಲಿ ತಿಳಿಯೋಣ.

ಆ ಕೃತಿಯ ಹೆಸರು ‘ದಿ ಗ್ರೇಟ್ ಅನಿಮಲ್ ಆರ್ಕೆಸ್ಟ್ರಾ’. ಎಂದರೆ ಪ್ರಾಣಿಗಳ ಮಹಾವಾದ್ಯವೃಂದ. ಇದು ಮೊದಲು ಪ್ರದರ್ಶಿತವಾದುದು ೨೦೧೬ರಲ್ಲಿ, ಪ್ಯಾರಿಸ್ ನಗರದ ಕಾರ್ಟಿಯೆ ಪ್ರತಿಷ್ಠಾನದಲ್ಲಿ. ಅಮೆರಿಕದ ಬರ್ನಿ ಕ್ರೌಸ್ ಅವರು ಮೊದಲು ಸಂಗೀತಗಾರರು. ೧೯೬೮ರಿಂದ ಕಾಡು ಕಡಲುಗಳನ್ನು ಅಲೆದು ಸುಮಾರು ೫,೦೦೦ ಗಂಟೆಗಳಷ್ಟು ಧ್ವನಿಯನ್ನು ಮುದ್ರಿಸಿಕೊಂಡವರು. ಆ ಸಂಗ್ರಹದಿಂದ ಆಯ್ದ ದನಿಗಳಿಗೆ ಲಂಡನ್ನಿನ ಕಲಾವಿದರ ತಂಡವೊಂದು ದೃಶ್ಯರೂಪವನ್ನು ಕೊಟ್ಟಿತು. ಪ್ರೇಕ್ಷಕರು ಕತ್ತಲೆಯ ಕೋಣೆಯಲ್ಲಿ ಕುಳಿತುಕೊಳ್ಳುತ್ತಾರೆ. ದನಿ ಅವರನ್ನು ಸುತ್ತುವರಿಯುತ್ತದೆ. ಗೋಡೆಗಳ ಮೇಲೆ ಬೆಳಕಿನ ರೇಖೆಗಳು ಹರಿದಾಡುತ್ತವೆ.

ಆ ರೇಖೆಗಳು ಚಿತ್ರಕಾರನ ಕಲ್ಪನೆಯಲ್ಲ, ಶಬ್ದದ ರೋಹಿತಲೇಖಗಳು. ಎಷ್ಟೇ ಜಟಿಲವಾದ ಶಬ್ದವನ್ನಾದರೂ ಬೇರೆಬೇರೆ ಆವೃತ್ತಿಯ ಸರಳ ತರಂಗಗಳಾಗಿ ವಿಭಜಿಸಬಹುದು. ಇದಕ್ಕೆ ಬೇಕಾದ ಗಣಿತವನ್ನು ಫ್ರಾನ್ಸಿನ ಫೂರಿಯೆ ೧೯ನೆಯ ಶತಮಾನದ ಆದಿಭಾಗದಲ್ಲಿಯೇ ಒದಗಿಸಿದ್ದನು. ಧ್ವನಿಮುದ್ರಣವನ್ನು ಅತ್ಯಲ್ಪ ಕಾಲಾವಧಿಯ ತುಣುಕುಗಳನ್ನಾಗಿ ಮಾಡಿ ಗಣಕಯಂತ್ರವು ಒಂದೊಂದನ್ನೂ ಹೀಗೆ ವಿಭಜಿಸುತ್ತದೆ. ಅಡ್ಡ ಅಕ್ಷದಲ್ಲಿ ಕಾಲ, ಲಂಬ ಅಕ್ಷದಲ್ಲಿ ಆವೃತ್ತಿ; ಶಬ್ದ ತೀವ್ರವಾದಷ್ಟೂ ಗುರುತು ಪ್ರಕಾಶಮಾನವಾಗುತ್ತದೆ. ಆನೆಯ ಗಂಭೀರ ಗುಡುಗು ಲೇಖದ ತಳಭಾಗದಲ್ಲಿ ಮೂಡಿದರೆ, ಅನೇಕ ಕೀಟಗಳ ಸದ್ದು ಮೇಲ್ಭಾಗದಲ್ಲಿ ಪಟ್ಟಿಯಾಗಿ ಹಬ್ಬುತ್ತದೆ.

ಬಹುಕಾಲದಿಂದ ಕದಡದಿರುವ ನೆಲೆಗಳಲ್ಲಿ ಪ್ರಾಣಿಗಳು ಆವೃತ್ತಿಯನ್ನೂ ವೇಳೆಯನ್ನೂ ತಮ್ಮೊಳಗೆ ಹಂಚಿಕೊಂಡಿರುತ್ತವೆ ಎಂಬುದು ಕ್ರೌಸ್ ಅವರ ಊಹೆ. ಒಂದರ ಕೂಗನ್ನು ಮತ್ತೊಂದು ಮುಚ್ಚಿದರೆ ಸಂಗಾತಿಯನ್ನು ಕರೆಯುವುದಾಗಲಿ ಅಪಾಯವನ್ನು ಸಾರುವುದಾಗಲಿ ಹೇಗೆ ಸಾಧ್ಯ? ಎಲ್ಲ ನೆಲೆಗಳಿಗೂ ಇದು ಸಮನಾಗಿ ಅನ್ವಯಿಸದಿದ್ದರೂ, ಲೇಖದಲ್ಲಿ ಕಾಣುವ ಬರಿದಾದ ಎಡೆಗಳು ಯೋಚನೆಗೆ ಈಡುಮಾಡುತ್ತವೆ.

ಕ್ಯಾಲಿಫೋರ್ನಿಯದ ಲಿಂಕನ್ ಮೆಡೊ ಎಂಬ ಹುಲ್ಲುಗಾವಲಿನಲ್ಲಿ ನಡೆದುದನ್ನು ನೋಡಿರಿ. ಅಲ್ಲಲ್ಲಿ ಆಯ್ದ ಮರಗಳನ್ನು ಮಾತ್ರ ಕಡಿಯುವುದರಿಂದ ಪರಿಸರಕ್ಕೆ ಹಾನಿಯಿಲ್ಲವೆಂದು ಅಲ್ಲಿಯ ಜನರಿಗೆ ಆಶ್ವಾಸನೆ ದೊರೆತಿತ್ತು. ಕಡಿಯುವ ಮುನ್ನ, ೧೯೮೮ರಲ್ಲಿ, ಕ್ರೌಸ್ ಅಲ್ಲಿಯ ಮುಂಜಾನೆಯ ದನಿಯನ್ನು ಮುದ್ರಿಸಿಕೊಂಡರು. ಮರುವರ್ಷ ಅದೇ ಕಾಲಕ್ಕೆ ಹಿಂದಿರುಗಿದರು. ಕಣ್ಣಿಗೆ ಕಾಡು ಮೊದಲಿನಂತೆಯೇ ಇತ್ತು. ಛಾಯಾಚಿತ್ರದಲ್ಲಿಯೂ ವ್ಯತ್ಯಾಸ ತೋರದು. ರೋಹಿತಲೇಖವಾದರೋ ಬಹುಪಾಲು ಬರಿದಾಗಿತ್ತು. ಉಳಿದುದು ತೊರೆಯ ಸದ್ದು ಮತ್ತು ಮರಕುಟಿಗವೊಂದರ ಬಡಿತ. ಮುಂದಿನ ೨೫ ವರ್ಷಗಳಲ್ಲಿ ಅವರು ಹದಿನೈದು ಬಾರಿ ಹೋದರೂ ಹಳೆಯ ಮೇಳ ಮರಳಿರಲಿಲ್ಲ. ತಮ್ಮ ಸಂಗ್ರಹದ ಅರ್ಧದಷ್ಟು ನೆಲೆಗಳು ಮೌನವಾಗಿವೆ ಅಥವಾ ಗುರುತು ಸಿಗದಷ್ಟು ಬದಲಾಗಿವೆಯೆಂದು ೨೦೧೩ರಲ್ಲಿ ಅವರು ಹೇಳಿದರು.

ಇಂತಹ ಲೇಖವನ್ನು ಬರೆಯಲು ಇಂದು ಮೊಬೈಲ್ ದೂರವಾಣಿಯೊಂದು ಸಾಕು. ವಿದ್ಯಾರ್ಥಿಗಳು ತಮ್ಮೂರಿನ ಕೆರೆಯ ಏರಿಯ ಮೇಲೆ ಒಂದೇ ಸ್ಥಳದಲ್ಲಿ, ಒಂದೇ ಹೊತ್ತಿನಲ್ಲಿ, ವರ್ಷವರ್ಷವೂ ಹತ್ತು ನಿಮಿಷಗಳ ದನಿಯನ್ನು ಮುದ್ರಿಸಿಡಲಿ. ಮೊದಲನೆಯ ಲೇಖವಿಲ್ಲದಿದ್ದರೆ, ಮುಂದೆ ಕಪ್ಪೆಯೊಂದರ ದನಿ ಅಡಗಿದಾಗ ಅದು ಅಡಗಿತೆಂಬುದೇ ನಮಗೆ ತಿಳಿಯದೆ ಹೋದೀತು.