ಎಣ್ಣೆಯ ನಾಡಿನ ಏಣಿ

ದುಬೈನಲ್ಲಿ ಎಂಜಿನಿಯರಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ರಜೆಯಲ್ಲಿ ಬಂದಾಗ ಒಂದು ಸಂಗತಿ ತಿಳಿಸಿದ. ಅವನ ಕಚೇರಿಯಲ್ಲಿ ಅದೇ ಕೆಲಸ ಮಾಡುವ ಇನ್ನೊಬ್ಬನೂ ಭಾರತದಲ್ಲೇ ಹುಟ್ಟಿ ಓದಿದವನು. ಆದರೆ ಬ್ರಿಟಿಷ್ ಪಾಸ್‌ಪೋರ್ಟ್ ಪಡೆದವನು. ಸಂಬಳ ಇವನಿಗಿಂತ ಒಂದೂವರೆ ಪಟ್ಟು. “ಅಲ್ಲಿ ಬೆಲೆ ವಿದ್ಯೆಗಲ್ಲ ಸಾರ್, ಪಾಸ್‌ಪೋರ್ಟಿಗೆ” ಎಂದ.

ಅರಬರ ಸ್ವಭಾವವೇ ಹಾಗೆಂದು ತೀರ್ಮಾನಿಸುವುದು ಸುಲಭ. ಚರಿತ್ರೆ ಬೇರೆ ಮಾತನ್ನು ಹೇಳುತ್ತದೆ. ವಿಜಯನಗರದ ಕಾಲದಲ್ಲಿ ಅರಬ್ಬೀ ಕುದುರೆಗಳು ನಮ್ಮ ಭಟ್ಕಳದ ಬಂದರಿನಲ್ಲಿ ಇಳಿಯುತ್ತಿದ್ದವು. ಬಹರೇನಿನ ಮುತ್ತುಗಳಿಗೆ ಮುಂಬಯಿ ದೊಡ್ಡ ಪೇಟೆಯಾಗಿತ್ತು. ಕೊಲ್ಲಿಯ ಹಲವು ನಾಡುಗಳಲ್ಲಿ ನಮ್ಮ ರೂಪಾಯಿಯೇ ನಡೆಯುತ್ತಿತ್ತು. 1959ರಲ್ಲಿ ರಿಸರ್ವ್ ಬ್ಯಾಂಕು ಅವುಗಳಿಗೆಂದೇ ಪ್ರತ್ಯೇಕ ನೋಟುಗಳನ್ನು ಹೊರಡಿಸಿತು. ಅಂದಿನ ನಂಟು ಮುಖ್ಯವಾಗಿ ವರ್ತಕರ ನಂಟು.

ಜನಾಂಗದ ಏಣಿಯನ್ನು ಗಟ್ಟಿಯಾಗಿ ಊರಿದವು ಪಶ್ಚಿಮದ ಆಳ್ವಿಕೆ ಮತ್ತು ಎಣ್ಣೆ ಕಂಪನಿಗಳು. ಸೌದಿ ಅರೇಬಿಯದ ದಹ್ರಾನಿನಲ್ಲಿ ಅಮೆರಿಕದ ಕಂಪನಿ ತನ್ನ ದೇಶದವರಿಗೆ ತಂಪು ಬಂಗಲೆಗಳನ್ನು ಕಟ್ಟಿಸಿತು; ಅರಬ್ ಕೂಲಿಗಳಿಗೆ ದೊರೆತದ್ದು ಗುಡಿಸಲು. ತಮ್ಮದೇ ನೆಲದಲ್ಲಿ ಕೊನೆಯ ಮೆಟ್ಟಿಲಾದ ಆ ಜನ 1953ರಲ್ಲಿ ಮುಷ್ಕರ ಹೂಡಿದರು. ಉದ್ಯೋಗದಾತನ ಹೊಣೆಗೆ ಕೆಲಸಗಾರನನ್ನು ಕಟ್ಟಿಹಾಕುವ ‘ಕಫಾಲಾ’ ಪದ್ಧತಿಯ ಇಂದಿನ ರೂಪವೂ ಬ್ರಿಟಿಷರ ಹಿಡಿತದಲ್ಲಿದ್ದ ಬಹರೇನಿನಲ್ಲಿ ಮೂಡಿತೆಂದು ವಿದ್ವಾಂಸ ಒಮರ್ ಅಲ್‌ಶೆಹಾಬಿ ವಾದಿಸಿದ್ದಾರೆ.

ಮುಂದೆ, 1970ರ ದಶಕದಲ್ಲಿ, ಎಣ್ಣೆ ಅರಬರ ಕೈಸೇರತೊಡಗಿತು. ಅವರು ಮೇಲಿನ ಮೆಟ್ಟಿಲೇರಿದರು. ಏಣಿಯನ್ನು ಮಾತ್ರ ಮುರಿಯಲಿಲ್ಲ. ಐರೋಪ್ಯನ ಸ್ಥಾನ ಮೇಲೆಯೇ ಉಳಿಯಿತು. ಕೆಳಗಿನ ಮೆಟ್ಟಿಲುಗಳಿಗೆ ಭಾರತ, ಪಾಕಿಸ್ತಾನ, ಬಾಂಗ್ಲಾದೇಶಗಳ ದುಡಿಮೆಗಾರರು ಬಂದರು. ಕಾನೂನು ಕೊಂಚ ಸಡಿಲಿದೆ, ನಿಜ. ಮಾಲೀಕನ ಅನುಮತಿಯಿಲ್ಲದೆ ಕೆಲಸ ಬದಲಿಸಲು ಕತಾರ್ 2020ರಲ್ಲಿ ಅವಕಾಶ ಕೊಟ್ಟಿತು. ಆದರೆ ಬಿಳಿಯ ಬಣ್ಣವನ್ನೇ ಯೋಗ್ಯತೆಯೆಂದು ಎಣಿಸುವ ಮನಸ್ಸನ್ನು ಯಾವ ಕಾನೂನು ತಿದ್ದೀತು?

ಆ ಮನಸ್ಸು ಅರಬರದು ಮಾತ್ರವೇ? ಬೆಂಗಳೂರಿನಲ್ಲಿ ಬಿಳಿಯ ಅತಿಥಿಗೆ ನಾವು ತೋರುವ ಆದರವನ್ನೂ, ನಮ್ಮ ಕಟ್ಟಡಗಳನ್ನು ಕಟ್ಟುವ ಬಿಹಾರದ ಕೂಲಿಗಾರ ಮಲಗುವ ತಗಡಿನ ಶೆಡ್ಡನ್ನೂ ಒಮ್ಮೆ ಅಕ್ಕಪಕ್ಕ ಇಟ್ಟು ನೋಡಬೇಕು. ನನ್ನ ವಿದ್ಯಾರ್ಥಿಯನ್ನು ಕೇಳಿದೆ: “ನಿನ್ನ ಕೈಕೆಳಗಿನ ಬಾಂಗ್ಲಾದ ಗಾರೆಯವನಿಗೆ ಸಂಬಳವೆಷ್ಟಪ್ಪ?”

ಅವನು ಬಹಳ ಹೊತ್ತು ಯೋಚಿಸಿ, “ನಾನು ಎಂದೂ ವಿಚಾರಿಸಿಲ್ಲ, ಸಾರ್” ಎಂದ.